ಲಿನಕ್ಸ್ ಮೆಷಿನ್‌ಗೆ ಕೊಟ್ಟ ಸ್ಥಿರ ಐಪಿ ನಿಲ್ತಿಲ್ಲ, ಅನುಭವ ಇರೋರು ಹೇಳಿ

ಪ್ರಶ್ನೆ:
ಮನೇಲಿ ಹಳೇ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿ ಫೈಲ್ ಸರ್ವರ್ ಮಾಡ್ಕೊಂಡಿದ್ದೀನಿ. ಅದಕ್ಕೆ 192.168.1.120 ಅಂತ ಸ್ಥಿರ ಐಪಿ (ಬದಲಾಗದ ನೆಟ್‌ವರ್ಕ್ ವಿಳಾಸ) ಕೊಟ್ಟೆ. ಮೂರು ದಿನ ಚೆನ್ನಾಗಿತ್ತು. ಈಗ ಸಂಜೆ ಆದ್ರೆ ಸಾಕು, ಕನೆಕ್ಷನ್ ಬರುತ್ತೆ, ಹೋಗುತ್ತೆ. ಐಪಿನ ಮೆಷಿನ್‌ನಲ್ಲೇ ಬರೀಬೇಕಾ, ರೌಟರ್‌ನಲ್ಲಿ ರಿಸರ್ವ್ ಮಾಡ್ಬೇಕಾ (ಈ ಮೆಷಿನ್‌ಗೆ ಯಾವಾಗ್ಲೂ ಇದೇ ವಿಳಾಸ ಕೊಡು ಅಂತ ರೌಟರ್‌ಗೇ ಹೇಳೋದು)? ನೀವೆಲ್ಲ ಹೇಗೆ ಮಾಡ್ಕೊಂಡಿದ್ದೀರ?

ಉತ್ತರ 1:
ರೌಟರ್‌ನಲ್ಲೇ ಮಾಡಿ. ಅನುಭವಿಸಿ ಹೇಳ್ತಿದ್ದೀನಿ. ನಾನು ಐದು ಮೆಷಿನ್‌ಗೆ ಒಂದೊಂದಾಗಿ ಕೈಯಾರೆ ಐಪಿ ಬರೆದಿದ್ದೆ. ರೌಟರ್ ಕೆಟ್ಟು ಹೊಸದು ಬಂತು. ಹಳೇದರ ವಿಳಾಸ ಶುರುವಾಗೋದು 192.168.1 ಅಂತ, ಹೊಸದರದ್ದು 192.168.0 ಅಂತ. ಐದೂ ಒಂದೇ ಏಟಿಗೆ ಕಾಣೆ. ಮೂರಕ್ಕೆ ಮಾನಿಟರ್ ಇಲ್ಲ. ಅಟ್ಟದಿಂದ ಒಂದನ್ನ ಇಳಿಸಿ ಟಿವಿಗೆ ಸಿಕ್ಕಿಸಿ, ಕೀಬೋರ್ಡ್ ಹುಡುಕಿ, ವಿಳಾಸ, ಗೇಟ್‌ವೇ (ಹೊರಗೆ ಹೋಗೋ ದಾರಿ, ಅಂದ್ರೆ ರೌಟರ್), ಡಿಎನ್ಎಸ್ (ಸೈಟ್ ಹೆಸರಿಗೆ ಐಪಿ ಹುಡುಕಿ ಕೊಡೋ ಸರ್ವರ್) ಮೂರನ್ನೂ ತಿದ್ದಿ, ಮತ್ತೆ ಮುಂದಿನದು. ರಾತ್ರಿ ಹತ್ತಕ್ಕೆ ಕೂತವನು ಎದ್ದಾಗ ಮೂರೂವರೆ. ಅವತ್ತಿನಿಂದ ಎಲ್ಲ ರಿಸರ್ವೇಶನ್. ಮೆಷಿನ್‌ನಲ್ಲಿ ಏನೂ ಬರೆಯಲ್ಲ.

ಉತ್ತರ 2:
ರಿಸರ್ವೇಶನ್ ಅಂದ್ರೆ ನನಗೆ ಈಗಲೂ ಮೈ ಉರಿಯುತ್ತೆ. ಉಬುಂಟು ಸರ್ವರ್. ಅದರ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ) ಐಪಿಯ ಕೊನೇ ಭಾಗ 50 ಅಂತ ರೌಟರ್‌ನಲ್ಲಿ ಕಟ್ಟಿದೆ, ಸಿಕ್ಕಿದ್ದು ಪ್ರತಿ ಸಲ 131. ಮ್ಯಾಕ್ ಹನ್ನೊಂದು ಸಲ ಓದಿ ನೋಡ್ದೆ. ಕೇಬಲ್ ಬದಲಾಯಿಸ್ದೆ. ರೌಟರ್ ರೀಸೆಟ್ ಮಾಡಿ ಬೇರೆ ಸೆಟ್ಟಿಂಗ್ ಎಲ್ಲ ಕಳ್ಕೊಂಡೆ. ಎರಡು ಭಾನುವಾರ ಹೋಯ್ತು. ಕೊನೆಗೆ ಗೊತ್ತಾಗಿದ್ದು: ನೆಟ್‌ಪ್ಲಾನ್ (ಉಬುಂಟುನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ಬರೆಯೋ ಟೂಲ್) ಕೆಳಗೆ ಕೆಲಸ ಮಾಡೋ ಸಿಸ್ಟಂಡಿ ನೆಟ್‌ವರ್ಕ್‌ಡಿ ಅನ್ನೋ ಪ್ರೋಗ್ರಾಂ ತನ್ನ ಗುರುತಾಗಿ ಮ್ಯಾಕ್ ಕೊಡಲ್ಲ, ಮೆಷಿನ್ ಐಡಿಯಿಂದ ಮಾಡಿದ ಡಿಯುಐಡಿ ಅನ್ನೋ ಬೇರೆ ಗುರುತು ಕೊಡುತ್ತೆ. ನನ್ನ ರೌಟರ್ ಅದನ್ನ ಬೇರೆ ಯಾರೋ ಅಂದ್ಕೊಳ್ತಿತ್ತು. ನೆಟ್‌ಪ್ಲಾನ್ ಫೈಲ್‌ನಲ್ಲಿ ‘ಡಿಎಚ್‌ಸಿಪಿ ಐಡೆಂಟಿಫೈಯರ್’ಗೆ (ಡಿಎಚ್‌ಸಿಪಿ ಅಂದ್ರೆ ರೌಟರ್ ತಾನೇ ವಿಳಾಸ ಹಂಚೋ ವ್ಯವಸ್ಥೆ) ‘ಮ್ಯಾಕ್’ ಅಂತ ಒಂದು ಸಾಲು ಬರೆದ ಮೇಲೆ ಸರಿ ಹೋಯ್ತು. ಆದ್ರೆ ನಂಬಿಕೆ ವಾಪಸ್ ಬರ್ಲಿಲ್ಲ. ಈಗ ಎಲ್ಲ ಮೆಷಿನ್‌ನಲ್ಲೇ.

ಅಂದಹಾಗೆ ಉತ್ತರ 1 ಬರೆದವರೇ, ಹೊಸ ರೌಟರ್‌ನ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ವಿಳಾಸನ 192.168.1.1 ಮಾಡಿದ್ರೆ ಐದು ನಿಮಿಷದಲ್ಲಿ ಮುಗೀತಿತ್ತು. ಅಟ್ಟ ಹತ್ತೋ ಕೆಲಸವೇ ಇರ್ಲಿಲ್ಲ.

ಉತ್ತರ 1 ಬರೆದವರು:
ಅಷ್ಟು ಗೊತ್ತಿಲ್ಲದೆ ಐದು ಮೆಷಿನ್ ಇಟ್ಕೊಂಡಿದ್ದೀನಾ? ಇಂಟರ್ನೆಟ್ ಕೊಡೋ ಕಂಪನಿಯವರು ಆ ಪುಟನೇ ಲಾಕ್ ಮಾಡಿ ಕೊಟ್ಟಿದ್ರು. ಪೂರ್ತಿ ಕೇಳ್ದೆ ಬುದ್ಧಿ ಹೇಳ್ಬೇಡಿ.

ಉತ್ತರ 2 ಬರೆದವರು:
ಲಾಕ್ ಆಗಿತ್ತು ಅಂತ ನೀವು ಬರೆದಿದ್ರೆ ನಾನು ಹೇಳ್ತಾನೇ ಇರ್ಲಿಲ್ಲ. ಅಂಥ ರೌಟರನ್ನೇ ನಂಬಿ ಎಲ್ಲ ವಿಳಾಸನೂ ಅದರ ಕೈಗೆ ಕೊಟ್ಟಿದ್ದೀರಲ್ಲ, ಅದು ನನಗೆ ಅರ್ಥ ಆಗ್ತಿಲ್ಲ.

ಉತ್ತರ 3:
ನನ್ನದು ರಾಸ್‌ಬೆರಿ ಪೈ, ಅಂಗೈಯಷ್ಟು ಕಂಪ್ಯೂಟರ್. ವರ್ಷಗಟ್ಟಲೆ ಡಿಎಚ್‌ಸಿಪಿಸಿಡಿ (ಮೆಷಿನ್‌ಗೆ ಐಪಿ ಹಾಕೋ ಪ್ರೋಗ್ರಾಂ) ಕಾನ್ಫಿಗ್ ಫೈಲ್‌ನಲ್ಲೇ ಐಪಿ ಬರೀತಿದ್ದೆ. ಪೈನ ಓಎಸ್‌ನ 2023ರ ಬುಕ್‌ವರ್ಮ್ ಆವೃತ್ತಿ ಹೊಸದಾಗಿ ಹಾಕಿ ಅದೇ ಫೈಲ್ ಬರೆದೆ, ನಾಲ್ಕು ಸಲ ರೀಬೂಟ್ ಮಾಡಿದೆ, ಏನೂ ಆಗ್ಲಿಲ್ಲ. ಆ ಫೈಲ್ ಓದೋರೇ ಇಲ್ಲ, ಜಾಗಕ್ಕೆ ನೆಟ್‌ವರ್ಕ್ ಮ್ಯಾನೇಜರ್ ಬಂದಿದೆ. ಅದರಲ್ಲಿ ಕಮಾಂಡ್ ಕೊಡುವಾಗ ವಿಳಾಸದ ಕೊನೆಗೆ ಸ್ಲ್ಯಾಶ್ 24 (ಮೊದಲ ಮೂರು ಭಾಗ ಒಂದೇ ಇರೋರೆಲ್ಲ ನನ್ನ ನೆಟ್‌ವರ್ಕ್ ಅಂತ ಹೇಳೋದು) ಬಿಟ್ಟೆ. ಅದು 32, ಅಂದ್ರೆ ನಾನೊಬ್ಬನೇ, ಅಂತ ಹಿಡೀತು. ಪಕ್ಕದಲ್ಲಿರೋ ಲ್ಯಾಪ್‌ಟಾಪ್ ಕೂಡ ನನ್ನ ನೆಟ್‌ವರ್ಕ್‌ನಲ್ಲಿ ಇಲ್ಲ ಅನ್ನೋ ಲೆಕ್ಕ. ಅದನ್ನ ಕಂಡುಹಿಡಿಯೋಕೆ ಒಂದು ಪೂರ್ತಿ ರಾತ್ರಿ. ಹಳೇ ಡೆಬಿಯನ್ ‘ಇಂಟರ್‌ಫೇಸಸ್’ ಫೈಲ್‌ನಲ್ಲಿ ಇದೇನೂ ಇರ್ಲಿಲ್ಲ. ಬರೆದರೆ ಬರೆದ ಹಾಗೆ ಇರ್ತಿತ್ತು.

ಉತ್ತರ 4:
ಹಳೇದನ್ನ ಹೊಗಳ್ತಾ ಕೂರೋದು ಬೇಡ. ಆ ಫೈಲ್‌ನಲ್ಲಿ ಒಂದು ಅಂಕಿ ತಪ್ಪಿ, ದೂರದಿಂದ ರೀಸ್ಟಾರ್ಟ್ ಕೊಟ್ಟು, ಸರ್ವರ್ ಹತ್ರ ಓಡಿ ಹೋದವನು ನಾನು. ‘ನೆಟ್‌ಪ್ಲಾನ್ ಟ್ರೈ’ ಕೊಟ್ರೆ 120 ಸೆಕೆಂಡ್ ಒಳಗೆ ಒಪ್ಪಿಗೆ ಕೊಡದಿದ್ರೆ ಹಳೇ ಸೆಟ್ಟಿಂಗ್‌ಗೆ ತಾನೇ ಮರಳುತ್ತೆ. ನನ್ನನ್ನ ಎರಡು ಸಲ ಉಳಿಸಿದೆ.

ಉತ್ತರ 3 ಬರೆದವರು:
ಮತ್ತೆ ನೆಟ್‌ಪ್ಲಾನ್ ಫೈಲ್‌ನಲ್ಲಿ ಟ್ಯಾಬ್ ಒತ್ತಿದ್ರೆ ಇಡೀ ಫೈಲ್ ತಿರಸ್ಕಾರ ಮಾಡುತ್ತಲ್ಲ, ಅದು?

ಉತ್ತರ 4 ಬರೆದವರು:
ಸ್ಪೇಸ್ ಒತ್ತಿ. ಅದಕ್ಕೂ ಜಗಳನಾ? ಕೇಳಿದವರು ಒಬ್ಬರಿದ್ದಾರೆ ಇಲ್ಲಿ. ಸರ್, ನಿಮ್ಮ ರೌಟರ್‌ನ ಡಿಎಚ್‌ಸಿಪಿ ಪೂಲ್ (ಅದು ತಾನೇ ಹಂಚೋ ವಿಳಾಸಗಳ ಸಾಲು) ಎಲ್ಲಿಂದ ಎಲ್ಲಿವರೆಗೆ ಅಂತ ಮೊದಲು ನೋಡಿ. 120 ಅದರೊಳಗೆ ಬಿದ್ದಿದ್ರೆ ಬೇರೆ ಯಾರಿಗೋ ಅದೇ ವಿಳಾಸ ಹೋಗಿರಬಹುದು.

ಪ್ರಶ್ನೆ ಕೇಳಿದವರು:
ನೋಡ್ದೆ. ಪೂಲ್ 100ರಿಂದ 200. ಲ್ಯಾಪ್‌ಟಾಪ್‌ನಿಂದ ಆರ್ಪಿಂಗ್ (ಒಂದು ಐಪಿ ಯಾರ ಹತ್ರ ಇದೆ ಅಂತ ಕೇಳೋ ಕಮಾಂಡ್) ಕೊಟ್ಟೆ, 120ಕ್ಕೆ ಎರಡು ಮ್ಯಾಕ್ ಉತ್ತರ ಕೊಡ್ತು. ಎರಡನೇದು ನಮ್ಮ ಮನೆಯವರ ಫೋನ್. ಅವರು ಮನೆಗೆ ಬರೋದೇ ಸಂಜೆ! ಸರ್ವರನ್ನ ಪೂಲ್ ಹೊರಗಿರೋ 20ಕ್ಕೆ ಹಾಕಿದ್ದೀನಿ, ಎರಡು ಗಂಟೆಯಿಂದ ಒಂದು ಸಲಾನೂ ಬಿಟ್ಟಿಲ್ಲ. ತುಂಬಾ ಥ್ಯಾಂಕ್ಸ್.

ಉತ್ತರ 1 ಬರೆದವರು:
20ನ ಮೆಷಿನ್‌ನಲ್ಲೇ ಬರೆದ್ರಾ? ರೌಟರ್ ಬದಲಾದ ದಿನ ನನ್ನ ಮಾತು ನೆನಪಾಗುತ್ತೆ.

ಉತ್ತರ 2 ಬರೆದವರು:
ಸರಿಯಾಗೇ ಮಾಡಿದ್ದಾರೆ, ಬಿಡಿ ಅವರನ್ನ. ನೀವು ಮೊದಲು ಆ ರೌಟರ್ ಲಾಕ್ ತೆಗೆಸ್ಕೊಳ್ಳಿ.