ಗಣಿತದ ಪೇಪರ್‌ಗೆ ಸೈಟೇಶನ್ ಕಡಿಮೆ, ಜೀವಶಾಸ್ತ್ರದ್ದಕ್ಕೆ ಜಾಸ್ತಿ: ಕಮಿಟಿಗೆ ಹೇಗೆ ವಿವರಿಸುವುದು?

ಕೇಳಿದವರು:
ನನ್ನದು ಗಣಿತ. ಕೆಲವು ವರ್ಷಗಳಿಂದ ಜೀವಶಾಸ್ತ್ರದವರ ಜೊತೆಗೂ ಕೆಲಸ ಮಾಡುತ್ತಿದ್ದೇನೆ. ಈಗ ಪ್ರಮೋಷನ್‌ಗೆ ಅರ್ಜಿ ಹಾಕಬೇಕು. ಕಮಿಟಿಯಲ್ಲಿ ಬೇರೆ ಬೇರೆ ವಿಭಾಗದವರು ಇರುತ್ತಾರೆ. ನಾನೊಬ್ಬನೇ ಬರೆದ ಗಣಿತದ ಪೇಪರ್‌ಗಳಿಗೆ ಸೈಟೇಶನ್ (ಬೇರೆ ಪೇಪರ್‌ಗಳು ಅವನ್ನು ಉಲ್ಲೇಖಿಸುವುದು) ತೀರಾ ಕಡಿಮೆ. ಜೀವಶಾಸ್ತ್ರದ ಪೇಪರ್‌ಗಳಲ್ಲಿ ನನ್ನ ಹೆಸರು ನಡುವೆಲ್ಲೋ ಇದೆ, ಸೈಟೇಶನ್ ಮಾತ್ರ ಜಾಸ್ತಿ. ನನ್ನ ಮುಖ್ಯ ಕೆಲಸ ಗಣಿತದ್ದೇ ಅಂತ ಹೇಗೆ ತೋರಿಸಲಿ? ಇಂಥ ಕಮಿಟಿ ಎದುರಿಸಿದವರು ದಯವಿಟ್ಟು ಹೇಳಿ.

ಗಣಿತ ವಿಭಾಗದವರೊಬ್ಬರು:
ಮೊದಲು ಎರಡು ಪಟ್ಟಿ ಬೇರೆ ಮಾಡಿ. ಒಟ್ಟು ಸೈಟೇಶನ್ ಇಷ್ಟು ಅಂತ ಒಂದೇ ಅಂಕಿ ಕೊಟ್ಟರೆ, ಓದುವವರು ಜೀವಶಾಸ್ತ್ರದ ಪೇಪರ್‌ಗಳನ್ನೇ ನಿಮ್ಮ ದೊಡ್ಡ ಕೆಲಸ ಅಂದುಕೊಳ್ಳುತ್ತಾರೆ.

ನಾನು ಅರ್ಜಿ ಹಾಕಿದಾಗ ನಮ್ಮಲ್ಲಿ ಸೈಟೇಶನ್ ಯಾಕೆ ಕಡಿಮೆ ಅನ್ನುವುದನ್ನು ಮೊದಲ ಪುಟದಲ್ಲೇ ಒಂದು ಪ್ಯಾರಾದಲ್ಲಿ ಬರೆದಿದ್ದೆ. ಗಣಿತದ ಪೇಪರ್‌ಗಳ ರೆಫರೆನ್ಸ್ ಪಟ್ಟಿ ಚಿಕ್ಕದು. ಎಲ್ಲರೂ ಕಡಿಮೆ ಕೊಟ್ಟರೆ ಎಲ್ಲರಿಗೂ ಸಿಗುವುದೂ ಕಡಿಮೆ, ಅಲ್ವಾ? ರಿವ್ಯೂ ಮುಗಿಯಲು ವರ್ಷ ದಾಟುವುದುಂಟು. ಒಂದು ಪ್ರಮೇಯವನ್ನು ಯಾರೋ ಹತ್ತಾರು ವರ್ಷದ ಮೇಲೆ ಎತ್ತಿಕೊಳ್ಳುತ್ತಾರೆ. ಆದರೆ ಜರ್ನಲ್‌ನ ಸಾಮಾನ್ಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪೇಪರ್‌ಗಳಿಗೆ ಸಿಗುವ ಸರಾಸರಿ ಸೈಟೇಶನ್) ಹಿಂದಿನ ಎರಡು ವರ್ಷದ ಪೇಪರ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ನಮ್ಮ ಕೆಲಸದ ವೇಗಕ್ಕೆ ಆ ಅಳತೆ ಹೊಂದುವುದೇ ಇಲ್ಲ.

ಎಚ್-ಇಂಡೆಕ್ಸ್ ಕೇಳಿಯೇ ಕೇಳುತ್ತಾರೆ. ಅದು 10 ಅಂದರೆ, ತಲಾ ಕನಿಷ್ಠ 10 ಸೈಟೇಶನ್ ಇರುವ 10 ಪೇಪರ್ ನಿಮ್ಮದಿವೆ ಅಂತ. ಅದನ್ನು 2005ರಲ್ಲಿ ಮುಂದಿಟ್ಟವರು ಭೌತವಿಜ್ಞಾನಿ ಹೋರ್ಹೆ ಹಿರ್ಶ್. ಜೀವವಿಜ್ಞಾನದವರ ಅಂಕಿ ಭೌತವಿಜ್ಞಾನದವರದ್ದಕ್ಕಿಂತ ಜಾಸ್ತಿ ಇರುತ್ತದೆ ಅಂತ ಆ ಪೇಪರ್‌ನಲ್ಲೇ ಅವರು ಹೇಳಿದ್ದಾರೆ. ಈ ಮಾತನ್ನು ಅರ್ಜಿಯಲ್ಲಿ ಹಾಕಿ, ತೂಕ ಬರುತ್ತದೆ. ಗಣಿತಜ್ಞ ಪೆರೆಲ್ಮನ್ ಅವರ ಉದಾಹರಣೆಯೂ ಇದೆ. ಪಾಂಕರೆ ಊಹೆ ಅನ್ನುವ ಹೆಸರಾಂತ ಗಣಿತ ಸಮಸ್ಯೆಯ ಪುರಾವೆಯನ್ನು (ಪ್ರೂಫ್) ಅವರು 2002-03ರಲ್ಲಿ ಮೂರು ಪ್ರಿಪ್ರಿಂಟ್‌ಗಳಾಗಿ (ಜರ್ನಲ್‌ನಲ್ಲಿ ಬರುವ ಮೊದಲಿನ ಬರಹ) ಆರ್‌ಕೈವ್ ಅನ್ನುವ ಜಾಲತಾಣದಲ್ಲಿ ಹಾಕಿದರು, ಅಷ್ಟೇ. ಮೂರು ಬರಹಕ್ಕೆ ಎಷ್ಟೇ ಸೈಟೇಶನ್ ಬಂದರೂ ಎಚ್-ಇಂಡೆಕ್ಸ್‌ಗೆ ಮೂರಕ್ಕಿಂತ ಹೆಚ್ಚು ಸೇರುವುದಿಲ್ಲ.

ಇನ್ನೊಂದು ಮುಖ್ಯ ವಿಷಯ, ಹೆಸರುಗಳ ಕ್ರಮ. ಗಣಿತದಲ್ಲಿ ಸಾಮಾನ್ಯವಾಗಿ ಅಕ್ಷರ ಕ್ರಮದಲ್ಲಿ ಹೆಸರು ಹಾಕುತ್ತೇವೆ. ಜೀವಶಾಸ್ತ್ರದಲ್ಲಿ ಮೊದಲ ಹೆಸರು ಹೆಚ್ಚು ದುಡಿದವರದ್ದು, ಕೊನೆಯದು ಲ್ಯಾಬ್ ನಡೆಸುವವರದ್ದು. ಇದನ್ನು ಬಿಡಿಸಿ ಹೇಳದಿದ್ದರೆ ಜಂಟಿ ಗಣಿತ ಪೇಪರ್‌ನಲ್ಲೂ ನಿಮ್ಮದು ಸಣ್ಣ ಪಾಲು ಅಂತ ಓದಿಬಿಡುತ್ತಾರೆ.

ಕಂಪ್ಯೂಟರ್ ಸೈನ್ಸ್‌ನವರು:
ನಮ್ಮ ಒಳ್ಳೆಯ ಕೆಲಸ ಹೆಚ್ಚಾಗಿ ಕಾನ್ಫರೆನ್ಸ್‌ಗಳಲ್ಲೇ ಬರುತ್ತದೆ. ನಮ್ಮ ಕಮಿಟಿ ಜರ್ನಲ್ ಮಾತ್ರ ಎಣಿಸಲು ಹೊರಟಿತ್ತು. ಆಮೇಲೆ ಹೇಳೋಣ ಅಂತ ಕಾಯದೆ ಅರ್ಜಿಯಲ್ಲೇ ಬರೆದಿದ್ದರಿಂದ ಉಳಿದುಕೊಂಡೆ.

ಇತಿಹಾಸ ವಿಭಾಗದವರು:
ನಮಗೆ ಪುಸ್ತಕವೇ ಮುಖ್ಯ. ಡೇಟಾಬೇಸ್‌ಗಳಲ್ಲಿ ಪುಸ್ತಕಗಳು ಸರಿಯಾಗಿ ಸಿಗುವುದಿಲ್ಲ, ಇಂಗ್ಲಿಷ್ ಅಲ್ಲದ ಭಾಷೆಯವಂತೂ ಇನ್ನೂ ಕಷ್ಟ. ನಾನು ಸೈಟೇಶನ್ ಬದಲು ಪುಸ್ತಕ ವಿಮರ್ಶೆಗಳನ್ನೂ, ನನ್ನ ಪುಸ್ತಕ ಪಾಠಕ್ಕಿರುವ ಕೋರ್ಸ್‌ಗಳನ್ನೂ ಲಗತ್ತಿಸಿದ್ದೆ.

ಕಮಿಟಿಗಳಲ್ಲಿ ಕೂತಿರುವವರು:
ಒಳಗಿನಿಂದ ನೋಡಿದವನಾಗಿ ಹೇಳುತ್ತೇನೆ. ನಮ್ಮ ಹತ್ತಿರ ಸಮಯ ಕಡಿಮೆ, ಪರಿಚಯವಿಲ್ಲದ ವಿಷಯ ಬಂದಾಗ ಅಂಕಿಯ ಕಡೆಗೆ ಕೈ ಹೋಗುತ್ತದೆ. ಹಾಗಾಗಿ ಹೋಲಿಕೆ ಮಾಡಬಹುದಾದ ಅಂಕಿಯನ್ನು ನೀವೇ ಕೊಡಿ. ಸ್ಕೋಪಸ್ ಅನ್ನುವ ಸೈಟೇಶನ್ ಡೇಟಾಬೇಸ್‌ನ ಅಂಕಿಗಳಿಂದ ಲೆಕ್ಕ ಹಾಕುವ ಫೀಲ್ಡ್-ವೆಯ್ಟೆಡ್ ಸೈಟೇಶನ್ ಇಂಪ್ಯಾಕ್ಟ್ ಅಂತ ಒಂದಿದೆ. ಅದೇ ವಿಷಯದ, ಅದೇ ವರ್ಷದ, ಅದೇ ಬಗೆಯ ಬರಹಗಳ ಜೊತೆ ಹೋಲಿಸುತ್ತದೆ. 1 ಅಂದರೆ ಜಗತ್ತಿನ ಸರಾಸರಿ. ಗಣಿತದ ಪೇಪರ್ ಒಂದು 1.5 ಇದ್ದರೆ ಸರಾಸರಿಗಿಂತ ಶೇ. 50 ಜಾಸ್ತಿ ಅಂತ ಯಾರಿಗಾದರೂ ಅರ್ಥವಾಗುತ್ತದೆ. ಪೇಪರ್‌ಗಳ ಸಂಖ್ಯೆ ಕಡಿಮೆ ಇದ್ದರೆ ಮಾತ್ರ ಎಚ್ಚರ. ಒಂದೇ ಪೇಪರ್ ಇಡೀ ಸರಾಸರಿಯನ್ನು ಎಳೆದುಬಿಡುತ್ತದೆ.

ಸೈಟೇಶನ್ ಜಾಸ್ತಿ ಅಂದ ಮಾತ್ರಕ್ಕೆ ದೊಡ್ಡ ಸಂಶೋಧನೆ ಅಂತಲೂ ಅಲ್ಲ. ಪ್ರೋಟೀನ್ ಅಳೆಯುವ ವಿಧಾನದ ಬಗ್ಗೆ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದ ಪೇಪರ್‌ಗೆ 3 ಲಕ್ಷಕ್ಕೂ ಹೆಚ್ಚು ಸೈಟೇಶನ್ ಇದೆ. ವಿಧಾನ ಬಳಸಿದವರೆಲ್ಲ ಅದನ್ನು ಹೆಸರಿಸಬೇಕಲ್ಲ, ಅದಕ್ಕೇ.

ನಿಮ್ಮ ಸಂಸ್ಥೆ ಡೋರಾ (ಸಂಶೋಧನೆಯ ಮೌಲ್ಯಮಾಪನ ಕುರಿತ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ) ಘೋಷಣೆಗೆ ಸಹಿ ಹಾಕಿದೆಯಾ ನೋಡಿ. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ವ್ಯಕ್ತಿಯ ಕೆಲಸ ಅಳೆಯಬೇಡಿ ಅನ್ನುತ್ತದೆ ಅದು. ಸಹಿ ಹಾಕಿದ್ದರೆ ಧೈರ್ಯವಾಗಿ ಉಲ್ಲೇಖಿಸಿ. ಆಮೇಲೆ ನಿಮ್ಮ ಐದು ಪೇಪರ್ ಆರಿಸಿ, ಪ್ರತಿಯೊಂದಕ್ಕೂ ಮೂರ್ನಾಲ್ಕು ಸಾಲು ಬರೆಯಿರಿ: ಸಮಸ್ಯೆ ಏನಿತ್ತು, ನೀವು ಮಾಡಿದ್ದೇನು, ಅದನ್ನು ಯಾರು ಮುಂದುವರಿಸಿದರು. ನಾನಂತೂ ಮೊದಲು ಓದುವುದು ಅದನ್ನೇ.

ಕೇಳಿದವರು:
ತುಂಬ ಉಪಕಾರವಾಯಿತು. ಅಂಕಿ ಗೂಗಲ್ ಸ್ಕಾಲರ್‌ನಿಂದ ಕೊಡಲೋ ಸ್ಕೋಪಸ್‌ನಿಂದಲೋ? ಎರಡರಲ್ಲೂ ಬೇರೆ ಬೇರೆ ಬರುತ್ತಿದೆ.

ಗ್ರಂಥಾಲಯದವರು:
ಬೇರೆ ಬಂದೇ ಬರುತ್ತದೆ. ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್ ಎಲ್ಲ ಸೇರಿಸುವುದರಿಂದ ಜಾಸ್ತಿ ತೋರಿಸುತ್ತದೆ. ಸ್ಕೋಪಸ್ ಆಯ್ದ ಮೂಲಗಳನ್ನಷ್ಟೇ ಎಣಿಸುತ್ತದೆ. ಯಾವುದಾದರೂ ಒಂದನ್ನೇ ಹಿಡಿದು, ನೋಡಿದ ತಾರೀಕು ಬರೆಯಿರಿ. ಎರಡನ್ನೂ ಬೆರೆಸಬೇಡಿ. ಅದಕ್ಕೂ ಮೊದಲು ಪ್ರೊಫೈಲ್‌ನಲ್ಲಿ ನಿಮ್ಮದೇ ಹೆಸರಿನ ಬೇರೆಯವರ ಪೇಪರ್ ಸೇರಿಕೊಂಡಿದೆಯಾ ನೋಡಿ, ಇದ್ದರೆ ತೆಗೆಯಿರಿ. ಆರ್ಕಿಡ್ ಐಡಿ (ಒಬ್ಬೊಬ್ಬ ಸಂಶೋಧಕರಿಗೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆ) ಇಲ್ಲದಿದ್ದರೆ ಇವತ್ತೇ ಮಾಡಿಕೊಳ್ಳಿ, ದುಡ್ಡೇನೂ ಕೊಡಬೇಕಿಲ್ಲ.