ಪದಚರ್ಚೆ: ‘ನಾನು ಆಫ್ರಿಕನ್’ ಎಂದರೆ ಸಾಕೇ?

ಪ್ರಶ್ನೆ: ದಕ್ಷಿಣ ಆಫ್ರಿಕಾದ ಹೊಸ ಸಂವಿಧಾನದ ಅಂಗೀಕಾರದ ಸಂದರ್ಭದಲ್ಲಿ, 1996ರ ಮೇ 8ರಂದು, ಅಂದಿನ ಉಪಾಧ್ಯಕ್ಷ ಥಾಬೊ ಎಂಬೆಕಿ ಮಾಡಿದ ಭಾಷಣವನ್ನು ಕನ್ನಡಿಸುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವ ‘I am an African’ ಎಂಬ ಮಾತಿನ ‘African’ಗೆ ‘ಆಫ್ರಿಕನ್’, ‘ಆಫ್ರಿಕಾದವನು’, ‘ಆಫ್ರಿಕೀಯ’ ಇವುಗಳಲ್ಲಿ ಯಾವುದು ಸರಿ? ನಾಳೆ ಬೆಳಿಗ್ಗೆ ಕರಡು ಒಪ್ಪಿಸಬೇಕಾಗಿರುವುದರಿಂದ ಬೇಗ ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ: ‘ಆಫ್ರಿಕೀಯ’ ಬೇಡವೇ ಬೇಡ. ಸಿಕ್ಕಿದ ಹೆಸರಿಗೆಲ್ಲ ಸಂಸ್ಕೃತದ ಪ್ರತ್ಯಯ ಅಂಟಿಸುವ ಚಾಳಿಯನ್ನು ಇನ್ನಾದರೂ ಬಿಡಬೇಕು. ಒಕ್ಕಲಿಗ, ಗಾಣಿಗ, ಕನ್ನಡಿಗ ಎಂಬಂತೆ ‘ಆಫ್ರಿಕಿಗ’ ಎಂದು ಧೈರ್ಯವಾಗಿ ಬರೆಯಿರಿ.

ಎರಡನೆಯ ಉತ್ತರ: ಪ್ರತ್ಯಯದ ಕುಲಗೋತ್ರ ವಿಚಾರಿಸುವ ಮೊದಲು ಭಾಷಣವನ್ನು ಓದಬೇಡವೇ? ಎಂಬೆಕಿಯವರು ತಮ್ಮ ಪೂರ್ವಿಕರ ಸಾಲಿನಲ್ಲಿ ಆ ನಾಡಿನ ಮೂಲನಿವಾಸಿಗಳಾದ ಖೋಯ್ ಮತ್ತು ಸಾನ್ ಜನರನ್ನಷ್ಟೇ ಅಲ್ಲದೆ, ಯೂರೋಪಿನಿಂದ ವಲಸೆ ಬಂದವರನ್ನೂ, ಮಲಯ ಗುಲಾಮರನ್ನೂ, ಭಾರತ ಮತ್ತು ಚೀನಾದಿಂದ ಬರಿಯ ದುಡಿಮೆಗೆಂದು ಸಾಗಿಸಿ ತಂದವರನ್ನೂ ಸೇರಿಸಿಕೊಂಡು, ತಮ್ಮ ಆಫ್ರಿಕನ್‌ತನವನ್ನು ಜನಾಂಗ, ಬಣ್ಣ, ಲಿಂಗ, ಮೂಲಗಳಿಂದ ಅಳೆಯಲು ಒಪ್ಪುವುದಿಲ್ಲವೆನ್ನುತ್ತಾರೆ. ‘ಆಫ್ರಿಕಾದವನು’ ಎಂಬುದು ‘ಯಾವ ಕಡೆಯವರು?’ ಎಂದು ಕೇಳಿದವರಿಗೆ ಕೊಡುವ ಉತ್ತರ. ‘ಆಫ್ರಿಕಾ ಮೂಲದವನು’ ಎಂದರಂತೂ ಪೂರ್ತಿ ಕೆಟ್ಟಿತು; ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಗಳ ಹಿರಿಯರು ಎಲ್ಲಿಂದ ಬಂದರೆಂದು ತಿಳಿಸಲು ಆ ಮಾತು ಸಲ್ಲುತ್ತದೆಯೇ ಹೊರತು, ಈ ನೆಲದಲ್ಲಿ ಎಲ್ಲರಂತೆ ನನಗೂ ಪಾಲಿದೆಯೆಂದು ಹಕ್ಕು ಸಾಧಿಸಲು ಸಲ್ಲುವುದಿಲ್ಲ. ಲಿಂಗದ ಅಳತೆಯನ್ನೇ ನಿರಾಕರಿಸುವ ಭಾಷಣದಲ್ಲಿ ‘-ವನು’, ‘-ಇಗ’ ಎಂಬ ಪುಲ್ಲಿಂಗಗಳು ಅಡ್ಡ ಬರುತ್ತವೆ. ‘ಆಫ್ರಿಕನ್’ ಎಂದೇ ಇರಲಿ.

ಮೊದಲ ಉತ್ತರಿಸಿದವರು: ಮಾತನಾಡಿದವರು ಗಂಡಸೇ ಆಗಿರುವಾಗ ಪುಲ್ಲಿಂಗಕ್ಕೆ ಅಂಜುವುದೇಕೆ? ಇಂಗ್ಲಿಷಿನಿಂದ ಇಡೀ ಪದವನ್ನು ಎತ್ತಿಕೊಳ್ಳುವುದಾದರೆ ಅನುವಾದವಾದರೂ ಏಕೆ?

ಎರಡನೆಯ ಉತ್ತರಿಸಿದವರು: ಎರವಲೇ, ಒಪ್ಪಿದೆ. ‘ಆಫ್ರಿಕಾ’ ಎಂಬ ಹೆಸರೂ ಉತ್ತರ ಆಫ್ರಿಕಾದ ಕಾರ್ಥೇಜ್ ನಗರದ ಸುತ್ತಲಿನ ತಮ್ಮ ಪ್ರಾಂತ್ಯಕ್ಕೆ ರೋಮನ್ನರು ಇಟ್ಟದ್ದು. ಅದನ್ನು ಇಡೀ ಖಂಡದ ಜನ ತಮ್ಮದಾಗಿಸಿಕೊಂಡಿರುವಾಗ ನಮಗೆ ಮಾತ್ರ ಮಡಿ ಏಕೆ? ಪ್ರಶ್ನೆ ಕೇಳಿದವರಿಗೆ ಒಂದು ಎಚ್ಚರಿಕೆ: ಕರಡು ತಿದ್ದುವವರು ಇದನ್ನು ‘ಆಫ್ರಿಕಾನರ್’ ಮಾಡದಂತೆ ನೋಡಿಕೊಳ್ಳಿ. 1707ರಲ್ಲಿ ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್ ಊರಿನ ಹೆಂಡ್ರಿಕ್ ಬೀಬೌ ಎಂಬ ಬಿಳಿಯ ಯುವಕ ತನ್ನನ್ನು ಹಾಗೆ ಕರೆದುಕೊಂಡದ್ದು ದಾಖಲಾಗಿದ್ದರೂ, ಮುಂದೆ ಅದು ಡಚ್ಚಿನಿಂದ ಬೆಳೆದ ಆಫ್ರಿಕಾನ್ಸ್ ಭಾಷೆಯನ್ನಾಡುವ ಬಿಳಿಯರ ಹೆಸರಾಗಿ ನಿಂತಿತು. ಹಾಗೆ ತಿದ್ದಿದರೆ ಎಂಬೆಕಿಯವರ ಮಾತು 1948ರಲ್ಲಿ ವರ್ಣಭೇದ ನೀತಿಯನ್ನು ಜಾರಿಗೆ ತಂದವರ ಬಾಯಿಗೆ ಹೋಗುತ್ತದೆ.