ಸಣ್ಣ ಕಾರು ಅಪಘಾತ: ಮಣಿಕಟ್ಟಿನ ಗಾಯಕ್ಕೆ ಪರಿಹಾರ ಕೇಳಬೇಕೇ, ಬಿಡಬೇಕೇ?

ಪ್ರಶ್ನೆ: ಶಿಕ್ಷಕಿ, ತುಮಕೂರು

ಕಳೆದ ಭಾನುವಾರ ನನ್ನ ಯಜಮಾನರು ನನ್ನ ತಮ್ಮನ ಕಾರಿನಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಮರಳುತ್ತಿದ್ದರು. ದಾಬಸ್‌ಪೇಟೆಯ ಸಮೀಪ ಮುಂದಿನ ವಾಹನಗಳು ನಿಂತಿದ್ದರಿಂದ ತಮ್ಮನೂ ಕಾರು ನಿಲ್ಲಿಸಿದ್ದಾನೆ. ಹಿಂದಿನಿಂದ ಬಂದ ಇನ್ನೊಂದು ಕಾರು ಗುದ್ದಿದೆ. ಹಿಂಬದಿಯ ಬಂಪರ್ ಮತ್ತು ಡಿಕ್ಕಿಯ ಬಾಗಿಲು ಜಖಂ ಆಗಿವೆ. ಮುಂದಿನ ಸೀಟಿನಲ್ಲಿದ್ದ ಯಜಮಾನರು ಬಲ ಅಂಗೈಯನ್ನು ಡ್ಯಾಶ್‌ಬೋರ್ಡಿಗೆ ಊರಿಕೊಂಡಿದ್ದರಿಂದ ಮಣಿಕಟ್ಟಿಗೆ ಪೆಟ್ಟಾಗಿದೆ.

ಆ ಕಾರಿನ ಯುವಕ ಅಲ್ಲಿಯೇ ತಪ್ಪೊಪ್ಪಿಕೊಂಡು, ಕಾರಿನ ರಿಪೇರಿಗೆಂದು 8,000 ರೂಪಾಯಿ ಕೊಟ್ಟು, ‘ಮುಂದೆ ಯಾವ ತಕರಾರೂ ಇಲ್ಲ’ ಎಂದು ಬರೆದ ಚೀಟಿಗೆ ತಮ್ಮನ ಸಹಿ ಪಡೆದಿದ್ದಾನೆ. ಪೊಲೀಸರಿಗೆ ಯಾರೂ ತಿಳಿಸಿಲ್ಲ. ಮರುದಿನ ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲವೆಂದು ಹೇಳಿ, ಕ್ರೇಪ್ ಬ್ಯಾಂಡೇಜು ಸುತ್ತಿ ಕಳುಹಿಸಿದರು. ಚೀಟಿಯಲ್ಲಿ ‘ಮಣಿಕಟ್ಟು ನೋವು, ಊತ’ ಎಂದಷ್ಟೇ ಇದೆ.

ಯಜಮಾನರದು ಟೈಲರಿಂಗ್ ಅಂಗಡಿ. ಅಪಘಾತವಾದಾಗಿನಿಂದ ಕತ್ತರಿ ಹಿಡಿಯಲಾಗುತ್ತಿಲ್ಲ, ಮದುವೆಯ ಆರ್ಡರುಗಳು ಹಾಗೆಯೇ ಬಿದ್ದಿವೆ. ಪರಿಹಾರ ಕೇಳೋಣವೆಂದರೆ ನಮ್ಮ ಮಾವನವರು, ಹೊಟ್ಟೆಪಾಡಿಗೆ ದುಡಿಯುವ ಹುಡುಗನ ಮೇಲೆ ಕೇಸು ಹಾಕಿ ನಾವೂ ಕೋರ್ಟಿಗೆ ಅಲೆಯುವುದು ಬೇಡ ಎನ್ನುತ್ತಾರೆ. ತನ್ನ ಪಾಲಿಸಿಯ ನೋ ಕ್ಲೇಮ್ ಬೋನಸ್ (ವಿಮೆಯ ಹಣ ಕೇಳದಿದ್ದುದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ) ಹೋದೀತೆಂಬ ಭಯ ತಮ್ಮನಿಗೆ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1: ಮೂಳೆ ತಜ್ಞ, ಹಾಸನ

ಕಾನೂನಿನ ವಿಚಾರವನ್ನು ಬಲ್ಲವರು ಹೇಳಲಿ. ನನ್ನ ಪ್ರಶ್ನೆ ಒಂದೇ: ಹೆಬ್ಬೆರಳನ್ನು ಮೇಲಕ್ಕೆತ್ತಿದಾಗ ಅದರ ಬುಡದಲ್ಲಿ, ಎರಡು ಸ್ನಾಯುರಜ್ಜುಗಳ ನಡುವೆ ಸಣ್ಣದೊಂದು ಕುಳಿ ಕಾಣುತ್ತದೆ, ಅಲ್ಲಿ ಬೆರಳಿನಿಂದ ಒತ್ತಿದರೆ ನಿಮ್ಮ ಯಜಮಾನರಿಗೆ ನೋವಾಗುತ್ತದೆಯೇ? ಹೌದಾದರೆ ಮೂಳೆ ಮುರಿದಿಲ್ಲವೆಂದು ಈಗಲೇ ತೀರ್ಮಾನಿಸಬೇಡಿ. ಅಂಗೈ ಊರಿದಾಗ ಬೀಳುವ ಪೆಟ್ಟಿಗೆ ಸ್ಕೇಫಾಯ್ಡ್ ಎಂಬ ಗೋಡಂಬಿಯಾಕಾರದ ಪುಟ್ಟ ಮೂಳೆಯಲ್ಲಿ ಬಿರುಕು ಬಿಡುವುದುಂಟು, ಮತ್ತು ಆ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಹೋಗುವುದು ನಮಗೆಲ್ಲ ಗೊತ್ತಿರುವ ಸಂಗತಿ. ಆದ್ದರಿಂದಲೇ ಅನುಮಾನವಿದ್ದಾಗ ಹೆಬ್ಬೆರಳು ಸೇರಿದಂತೆ ಪಟ್ಟಿ ಹಾಕಿ, 10ರಿಂದ 14 ದಿನಗಳ ನಂತರ ಮತ್ತೆ ಎಕ್ಸ್‌ರೇ ತೆಗೆಯುತ್ತೇವೆ. ಎಂಆರ್‌ಐ ಮಾಡಿಸಿದರೆ ಇನ್ನೂ ಬೇಗ ತಿಳಿಯುತ್ತದೆ.

ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳುಗಳ ಕಡೆಯ ತುದಿಯಿಂದ ಹರಿದುಬರುವುದರಿಂದ, ಬಿರುಕನ್ನು ಗಮನಿಸದೆ ಬಿಟ್ಟರೆ ಮುಂಗೈ ಕಡೆಯ ತುಂಡಿಗೆ ರಕ್ತ ಸಿಗದೆ ಮೂಳೆ ಕೂಡಿಕೊಳ್ಳದೇ ಹೋಗಬಹುದು. ದಿನವಿಡೀ ಕತ್ತರಿ ಹಿಡಿಯುವವರಿಗೆ ಅದು ಸಣ್ಣ ತೊಂದರೆಯಲ್ಲ. ಬರೀ ಕ್ರೇಪ್ ಬ್ಯಾಂಡೇಜನ್ನು ನಂಬಿ ಕೂರದೆ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಅಪಘಾತದ ದಿನ, ಸ್ಥಳ ಮತ್ತು ಗುದ್ದಿದ ಕಾರಿನ ನೋಂದಣಿ ಸಂಖ್ಯೆಯನ್ನು ಹೇಳಿ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಸಂಬಂಧಿಸಿದ ಗಾಯವೆಂಬ ಆಸ್ಪತ್ರೆಯ ದಾಖಲೆ) ಮಾಡಿಸಿ.

ಉತ್ತರ 2: ನಿವೃತ್ತ ವಿಮಾ ಅಧಿಕಾರಿ, ಮೈಸೂರು

ಬಹಳ ವರ್ಷ ವಿಮಾ ಕಂಪನಿಯ ಕಡೆ ಕುಳಿತು ಇಂತಹ ಕಡತಗಳನ್ನು ನೋಡಿದವನು ನಾನು. ಆ ಕಡೆಯ ಮಾತನ್ನೂ ಕೇಳಿರಿ.

ಕೇವಲ ಉಳುಕು ಎಂದೇ ಕೊನೆಗೆ ತೀರ್ಮಾನವಾದರೆ ನಿಮ್ಮ ಮಾವನವರ ಮಾತು ತಪ್ಪಲ್ಲ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪರಿಹಾರದ ಬಾಬ್ತುಗಳನ್ನು ವಿವರಿಸುತ್ತ, ಸಾಧಾರಣ ಗಾಯದ ಪ್ರಕರಣಗಳಲ್ಲಿ ಚಿಕಿತ್ಸೆಯ ಖರ್ಚು, ಚಿಕಿತ್ಸೆಯ ಅವಧಿಯಲ್ಲಿ ಕಳೆದುಕೊಂಡ ಸಂಪಾದನೆ ಮತ್ತು ನೋವು ಸಂಕಟಕ್ಕೆ ಒಂದು ಮೊತ್ತ, ಇಷ್ಟನ್ನೇ ನೀಡಬೇಕೆಂದಿದೆ. ಮುಂದಿನ ಸಂಪಾದನೆಯ ನಷ್ಟದ ಪ್ರಶ್ನೆ ಬರುವುದು ಶಾಶ್ವತ ಅಂಗವೈಕಲ್ಯಕ್ಕೆ ವೈದ್ಯಕೀಯ ಸಾಕ್ಷ್ಯವಿದ್ದಾಗ ಮಾತ್ರ. ಎರಡು ಮೂರು ವಾರದಲ್ಲಿ ವಾಸಿಯಾಗುವ ಉಳುಕಿಗೆ ಸಿಗುವ ಮೊತ್ತವನ್ನೂ, ಅಂಗಡಿ ಮುಚ್ಚಿ ಸಾಕ್ಷ್ಯ ನುಡಿಯಲು ಹೋಗುವ ದಿನಗಳನ್ನೂ ಲೆಕ್ಕಕ್ಕೆ ಹಿಡಿದರೆ ಉಳಿಯುವುದು ಅಷ್ಟರಲ್ಲೇ ಇದೆ.

ಇನ್ನು ಕಂಪನಿಯವರು ಮೊದಲು ನೋಡುವುದು ಎಕ್ಸ್‌ರೇಯನ್ನಲ್ಲ, ಮೊದಲ ಚಿಕಿತ್ಸೆಯ ಚೀಟಿಯನ್ನು. ಪೊಲೀಸ್ ಗೊಡವೆ ಬೇಡವೆಂದು ‘ಮೆಟ್ಟಿಲಲ್ಲಿ ಜಾರಿ ಬಿದ್ದೆ’ ಎಂದು ಬರೆಸಿ, ವಾರಗಳ ಮೇಲೆ ಅಪಘಾತವೆಂದು ಬಂದವರ ಅರ್ಜಿಗಳು ಆ ಒಂದು ಸಾಲಿನಿಂದಲೇ ಬಿದ್ದುಹೋಗಿವೆ. ನಿಮ್ಮ ಚೀಟಿಯಲ್ಲಿ ಅಂತಹ ಸುಳ್ಳಿಲ್ಲವೆಂಬುದು ಸಮಾಧಾನ; ಆದರೆ ಅಪಘಾತದ ಪ್ರಸ್ತಾಪವೂ ಇಲ್ಲದಿರುವುದರಿಂದ ಪ್ರಶ್ನೆ ಏಳುವುದಂತೂ ಖಂಡಿತ.

ನಿಮ್ಮ ತಮ್ಮನ ಭಯಕ್ಕೆ ಆಧಾರವಿಲ್ಲ. ತನ್ನ ಕಾರಿನ ರಿಪೇರಿಗೆ ತನ್ನದೇ ಪಾಲಿಸಿಯಲ್ಲಿ ಹಣ ಕೇಳಿದರೆ ಬೋನಸ್ ಹೋಗುತ್ತದೆ. ನಿಮ್ಮ ಯಜಮಾನರು ಗುದ್ದಿದ ಕಾರಿನ ಥರ್ಡ್ ಪಾರ್ಟಿ ವಿಮೆಯಿಂದ (ಆ ಕಾರಿನಿಂದ ಬೇರೆಯವರಿಗಾದ ಹಾನಿಗೆ ಹಣ ಕೊಡುವ ವಿಮೆ) ಪರಿಹಾರ ಕೇಳಿದರೆ ಅದಕ್ಕೆ ಧಕ್ಕೆಯಿಲ್ಲ. ತಮ್ಮನ ಪಾಲಿಸಿಯಲ್ಲಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಇಲ್ಲಿ ಉಪಯೋಗಕ್ಕೆ ಬಾರದು. ಅದು ಮಾಲೀಕ ಚಾಲಕನ ಮರಣ ಮತ್ತು ಶಾಶ್ವತ ಅಂಗವೈಕಲ್ಯಕ್ಕಷ್ಟೇ.

ಉತ್ತರ 3: ವಕೀಲೆ, ಬೆಂಗಳೂರು

ಮೇಲಿನ ಅಧಿಕಾರಿಗಳ ಲೆಕ್ಕ ಸರಿಯಿದೆ, ಆದರೆ ಅದು ಗಾಯ ಉಳುಕೆಂದು ಖಚಿತವಾದ ಮೇಲಿನ ಲೆಕ್ಕ. ಈಗ ಅದು ಖಚಿತವಾಗಿಲ್ಲ. ಪರಿಹಾರ ಕೇಳುವುದೋ ಬಿಡುವುದೋ ಎಂಬ ತೀರ್ಮಾನವನ್ನು ಎರಡು ವಾರ ಮುಂದೂಡಬಹುದು. ದಾಖಲೆ ಮಾಡಿಸುವುದನ್ನು ಒಂದು ದಿನವೂ ಮುಂದೂಡಬಾರದು.

ಮೂಳೆ ಮುರಿತವೆಂದು ತಿಳಿದುಬಂದರೆ ಪ್ರಕರಣದ ಸ್ವರೂಪವೇ ಬದಲಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನ ಪ್ರಕಾರ ಮೂಳೆ ಮುರಿತ ತೀವ್ರ ಗಾಯ. 15 ದಿನಗಳ ಕಾಲ ತೀವ್ರ ನೋವಿನಲ್ಲಿರುವಂತೆ ಅಥವಾ ನಿತ್ಯದ ಕಸುಬು ಮಾಡಲಾಗದಂತೆ ಮಾಡುವ ಗಾಯವೂ ಅದೇ ವರ್ಗಕ್ಕೆ ಸೇರುತ್ತದೆ. ತೀವ್ರ ಗಾಯವಾಗಿದ್ದರೆ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ, ಯಾರ ತಪ್ಪೆಂದು ಸಾಬೀತುಪಡಿಸುವ ಗೋಜಿಲ್ಲದೆ, 2.5 ಲಕ್ಷ ರೂಪಾಯಿ ಕೇಳಲು ಅವಕಾಶವಿದೆ. ಆದರೆ ಆ ಹಣವನ್ನು ಒಪ್ಪಿಕೊಂಡರೆ 166ನೇ ಕಲಮಿನ ಅರ್ಜಿ, ಅಂದರೆ ಚಾಲಕನ ತಪ್ಪನ್ನು ತೋರಿಸಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಪೂರ್ಣ ನಷ್ಟ ಕೇಳುವ ಅರ್ಜಿ, ಮುಂದುವರಿಯುವುದಿಲ್ಲ, ಆದ್ದರಿಂದ ಮುರಿತದ ಪರಿಣಾಮ ಎಷ್ಟೆಂದು ತಿಳಿಯದೆ ಸಹಿ ಹಾಕುವುದು ಬೇಡ.

ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅದರಂತೆ ಅಪಘಾತವಾದ 6 ತಿಂಗಳೊಳಗೆ ಪರಿಹಾರದ ಅರ್ಜಿ ಸಲ್ಲಿಸಬೇಕು. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆಯಾದರೂ ಅದನ್ನು ನೆಚ್ಚಿಕೊಂಡು ತಡಮಾಡುವುದು ಜಾಣತನವಲ್ಲ.

ದೂರು ತಡವಾಯಿತೆಂದು ಹೆದರಬೇಡಿ. ರವಿ ವಿರುದ್ಧ ಬದ್ರಿನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಎಫ್‌ಐಆರ್ ತಡವಾದುದನ್ನೇ ಕಾರಣವಾಗಿಟ್ಟುಕೊಂಡು ಪರಿಹಾರವನ್ನು ನಿರಾಕರಿಸುವಂತಿಲ್ಲ ಎಂದಿದೆ. ಆದರೆ ತಡವೇಕಾಯಿತೆಂಬುದನ್ನು ದೂರಿನಲ್ಲಿಯೇ ನೇರವಾಗಿ ಬರೆಯಬೇಕು: ಪೆಟ್ಟು ಸಣ್ಣದೆಂದು ಭಾವಿಸಿದ್ದೆವು, ಆತ ರಿಪೇರಿಯ ಹಣ ಕೊಟ್ಟಿದ್ದ, ಊತ ಇಳಿಯದಿದ್ದಾಗ ಮತ್ತೆ ತೋರಿಸಿದೆವು ಎಂದು, ನಡೆದದ್ದನ್ನು ನಡೆದ ಹಾಗೆ. ಅಂದು ಕಾರಿನ ನಂಬರು ಕಾಣುವಂತೆ ತೆಗೆದ ಫೋಟೋ ಇದ್ದರೆ ಅದು ಬಹಳ ಬೆಲೆಬಾಳುತ್ತದೆ. ಗಾಯದ ಪ್ರಮಾಣಪತ್ರ, ಮಹಜರು, ಮೋಟಾರು ವಾಹನ ನಿರೀಕ್ಷಕರ ವರದಿ, ದೋಷಾರೋಪ ಪಟ್ಟಿ, ಇವೆಲ್ಲ ಆ ದೂರಿನ ಬೆನ್ನಿಗೇ ಬರುವಂಥವು. ತಮ್ಮ ಸಹಿ ಹಾಕಿದ ಚೀಟಿ ಕಾರಿನ ಜಖಂಗೆ ಸಂಬಂಧಿಸಿದ್ದು. ಗಾಯಗೊಂಡವರೇ ಸಹಿ ಹಾಕದ ಕಾಗದ ಅವರ ಹಕ್ಕನ್ನು ಕಸಿದುಕೊಳ್ಳಲಾರದು.

ನಿಮ್ಮ ಮಾವನವರ ಕಳಕಳಿಯನ್ನು ಹಗುರವಾಗಿ ಕಾಣಲಾರೆ. ಕಾರಿಗೆ ಚಾಲ್ತಿ ವಿಮೆಯಿದ್ದು, ಯುವಕನ ಲೈಸೆನ್ಸು ಸರಿಯಿದ್ದರೆ ಪರಿಹಾರದ ಹಣ ಅವನ ಜೇಬಿನಿಂದ ಹೋಗುವುದಿಲ್ಲ. ಆದರೆ ಅಜಾಗರೂಕ ಚಾಲನೆಯ ಕ್ರಿಮಿನಲ್ ಪ್ರಕರಣ ಅವನ ಮೇಲೆ ದಾಖಲಾಗುತ್ತದೆಂಬುದು ನಿಜ. ಉಳುಕಿಗಾಗಿ ಅಷ್ಟು ದೂರ ಹೋಗಬೇಕೇ ಎಂಬುದು ನಿಮ್ಮ ಮನೆಯವರು ಕುಳಿತು ನಿರ್ಧರಿಸುವ ವಿಷಯ. ಮುರಿತವಾಗಿದ್ದರೆ ನಾನಂತೂ ಹಿಂಜರಿಯಬೇಡಿ ಎನ್ನುತ್ತೇನೆ.

ಇನ್ನೊಂದು ಮಾತು. ಆಸ್ಪತ್ರೆಯ ಹೊರಗೆ ಬಂದು, ‘ಫೀಸು ಬೇಡ, ಬಂದ ಹಣದಲ್ಲಿ ಇಷ್ಟು ಪಾಲು ಕೊಡಿ’ ಎನ್ನುವವರು ಸಿಕ್ಕಾರು. ಪ್ರಕರಣದ ಫಲಿತಾಂಶದ ಮೇಲೆ ಫೀಸು ಗೊತ್ತುಮಾಡಿಕೊಳ್ಳುವುದು ವಕೀಲರ ಪರಿಷತ್ತಿನ ನಿಯಮಗಳಿಗೆ ವಿರುದ್ಧ. ಇಲ್ಲದ ಗಾಯವನ್ನು ಬರೆಸಿಕೊಡುತ್ತೇವೆ ಎನ್ನುವವರೂ ಸಾಮಾನ್ಯವಾಗಿ ಅವರೇ.

ಶಿಕ್ಷಕಿ, ತುಮಕೂರು

ಎಲ್ಲರಿಗೂ ವಂದನೆಗಳು. ವೈದ್ಯರು ಹೇಳಿದ ಜಾಗದಲ್ಲಿ ಒತ್ತಿದ ತಕ್ಷಣ ಯಜಮಾನರು ಕೈ ಹಿಂದಕ್ಕೆಳೆದುಕೊಂಡರು. ನಾಳೆ ಬೆಳಿಗ್ಗೆಯೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು, ಅಲ್ಲಿಂದ ಠಾಣೆಗೆ ಹೋಗುತ್ತೇವೆ. ಆ ಯುವಕನಿಗೂ ಮೊದಲೇ ಫೋನ್ ಮಾಡಿ ವಿಷಯ ತಿಳಿಸಬೇಕೆಂದು ಮಾವನವರು ಹೇಳಿದ್ದಾರೆ, ಅದು ನನಗೂ ಸರಿಯೆನಿಸಿತು. ಇನ್ನೊಂದು ಸಂದೇಹವಿದೆ: ಅಪಘಾತವಾದ ಜಾಗ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರುವುದರಿಂದ ಅಲ್ಲಿಗೇ ಅಲೆಯಬೇಕೇ? ಆದಾಯ ತೆರಿಗೆ ರಿಟರ್ನ್ ಸಲ್ಲಿಸದವರು ಸಂಪಾದನೆಯನ್ನು ತೋರಿಸುವುದು ಹೇಗೆ?

ವಕೀಲೆ, ಬೆಂಗಳೂರು

ದೂರು ಸಾಮಾನ್ಯವಾಗಿ ಕೊಡುವುದು ಅಪಘಾತವಾದ ಸ್ಥಳದ ವ್ಯಾಪ್ತಿಯ ಠಾಣೆಯಲ್ಲಿ. ಪರಿಹಾರದ ಅರ್ಜಿಯನ್ನು ಮಾತ್ರ ಗಾಯಗೊಂಡವರು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲಿಯೇ ಹಾಕಬಹುದು, ಅಂದರೆ ತುಮಕೂರಿನಲ್ಲಿ. ಸಂಪಾದನೆಗೆ ಅಂಗಡಿಯ ಆರ್ಡರ್ ಪುಸ್ತಕ, ಯುಪಿಐ ಜಮೆಗಳು ಕಾಣುವ ಬ್ಯಾಂಕ್ ವಿವರ, ಅಂಗಡಿಯ ಪರವಾನಗಿ ಇವನ್ನು ಎತ್ತಿಡಿ. ಏನೂ ಇಲ್ಲದಿದ್ದರೆ ನ್ಯಾಯಮಂಡಳಿಯೇ ಅಂದಾಜು ಆದಾಯವನ್ನು ಹಿಡಿಯುತ್ತದೆ, ಆದರೆ ಒಳ್ಳೆಯ ಟೈಲರೊಬ್ಬರ ನಿಜವಾದ ಸಂಪಾದನೆಗಿಂತ ಅದು ಕಡಿಮೆಯಾಗುವ ಸಂಭವವೇ ಹೆಚ್ಚು. ವಾಪಸು ಕಳುಹಿಸಿದ ಮದುವೆಯ ಆರ್ಡರುಗಳ ಚೀಟಿಗಳನ್ನೂ ಬಿಸಾಡಬೇಡಿ.